ಸೂಜಿ ಮಾಷ್ಟ್ರು ಕೊಟ್ಟ ಚೀಟಿ

ಸ್ಪಿರಿಟ್ಟಿನ ವಾಸನೆ ಒಂದೇ ಬಂದರೆ ನನಗೇನೂ ಆಗುವುದಿಲ್ಲ. ಬಂಗುಡೆ ಮೀನಿನ ವಾಸನೆ ಒಂದೇ ಬಂದರೂ ಆಗುವುದಿಲ್ಲ. ಅದು ಬಾರದೆ ಹೋದರೇ ನಮ್ಮ ಕಡೆ ಏನೋ ಅನಾಹುತವಾಗಿದೆ ಎಂದು ತಿಳಿಯಬೇಕು. ಆದರೆ ಎರಡೂ ಒಟ್ಟಿಗೆ ಮೂಗಿಗೆ ಬಂದವೆಂದರೆ ನಾನು ಕೂತಲ್ಲಿಂದ ಎದ್ದುಬಿಡುತ್ತೇನೆ. ಕಳೆದ ವಾರ ಎದ್ದೆ.

ನಮ್ಮ ಪೇಟೆಯಲ್ಲಿ ಹೊಸದಾಗಿ ಒಂದು ಲ್ಯಾಬು ತೆರೆದಿದ್ದಾರೆ. ಗಾಜಿನ ಬಾಗಿಲು, ಎಸಿ, ಗೋಡೆಯ ಮೇಲೆ ನಾಲ್ಕು ಜನರ ಕುಟುಂಬವೊಂದರ ಚಿತ್ರ. ನಾಲ್ವರೂ ನಗುತ್ತಿದ್ದಾರೆ, ಬಹುಶಃ ಇನ್ನೂ ರಿಪೋರ್ಟು ಬಂದಿಲ್ಲ. ಸಕ್ಕರೆ ಪರೀಕ್ಷೆಗೆಂದು ನಾನು ತೋಳು ಚಾಚಿ ಕೂತಿದ್ದೆ. ನೀಲಿ ಗ್ಲೌಸು ತೊಟ್ಟ ಹುಡುಗಿ ಹತ್ತಿಗೆ ಸ್ಪಿರಿಟ್ಟು ಹಚ್ಚಿ ಮೊಣಕೈ ಸಂದಿಯನ್ನು ಒರೆಸಿದಳು. ಅದೇ ಹೊತ್ತಿಗೆ ಯಾರೋ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಹೊರಗೆ ಮೀನಿನ ಗಾಡಿ ಹಾರನ್ನು ಹೊಡೆಯುತ್ತ ನಿಂತಿತ್ತು. ಕರಗುತ್ತಿದ್ದ ಐಸಿನ ನೀರಿನ ಜೊತೆ ಆ ವಾಸನೆ ಎಸಿಯನ್ನೂ ಸೀಳಿಕೊಂಡು ಬಂತು...

“ಅಜ್ಜ, ಹೆದ್ರಬ್ಯಾಡಿ. ನುಸಿ ಕಚ್ಚಿದಾಂಗೆ ಅಷ್ಟೇ,” ಎಂದಳು ಹುಡುಗಿ. ಆಮೇಲೆ ತಿನ್ನಿ ಎಂದು ಒಂದು ಬಿಸ್ಕತ್ತನ್ನೂ ಕೊಟ್ಟಳು.

ಎಪ್ಪತ್ತು ದಾಟಿದವನು ತಟ್ಟನೆ ಎದ್ದು ನಿಂತರೆ ಲೋಕ ಅದಕ್ಕೆ ಎರಡೇ ಕಾರಣ ಕೊಡುತ್ತದೆ, ಹೆದರಿಕೆ ಅಥವಾ ತಲೆಸುತ್ತು. ಸಿಟ್ಟು ಬಂದಿರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ. ನನಗೆ ಬಂದಿದ್ದು ಸಿಟ್ಟು. ಆ ವಾಸನೆಗಷ್ಟೇ ಅಲ್ಲ, ಎದುರಿನ ಫಲಕಕ್ಕೆ. ಹಬ್ಬದ ರಿಯಾಯಿತಿಯಲ್ಲಿ ಸಂಪೂರ್ಣ ದೇಹ ತಪಾಸಣೆ ಎಂದು ಬರೆದು, ಥೈರಾಯ್ಡು, ವಿಟಮಿನ್ನು, ಕೊಬ್ಬು ಎಲ್ಲವನ್ನೂ ಪಟ್ಟಿ ಮಾಡಿ, ಕಟ್ಟಕಡೆಗೆ ಊಟದ ಎಲೆಯ ತುದಿಯ ಉಪ್ಪಿನಕಾಯಿಯಂತೆ ‘ಇಂಟರ್‌ಲ್ಯೂಕಿನ್-6’ ಎಂದು ಸೇರಿಸಿದ್ದರು. ಗಟ್ಟಿಮುಟ್ಟಾಗಿರುವವರು ಹಬ್ಬದ ಖುಷಿಗೆ ಮಾಡಿಸಿಕೊಳ್ಳಬಹುದಂತೆ. ಆ ಹೆಸರನ್ನು ನನಗೆ ಮೊದಲು ಹೇಳಿದವರು ಹೊಳೆಬದಿಯ ಒಂದು ಹಂಚಿನ ಕೋಣೆಯ ಮುಂದಿನ ಅಂಗಳದಲ್ಲಿ, ಕಾಲು ಕುಂಟುವ ಸ್ಟೂಲಿನ ಮೇಲೆ ಕೂತು ಹೇಳಿದ್ದರು. ಅವರ ಲ್ಯಾಬಿನಲ್ಲಿ ನಗುವ ಕುಟುಂಬದ ಚಿತ್ರ ಇರಲಿಲ್ಲ.

ಅವರನ್ನು ನಾವು ಸೂಜಿ ಮಾಷ್ಟ್ರು ಎನ್ನುತ್ತಿದ್ದೆವು. ಮಾಷ್ಟ್ರಿಕೆ ಮಾಡಿದವರೇನಲ್ಲ. ಚುಚ್ಚುವ ಮೊದಲು ಎದುರಿದ್ದವರಿಗೆ ಒಂದು ಸಣ್ಣ ಪಾಠ ಹೇಳುತ್ತಿದ್ದರು, ಪಾಠ ಮುಗಿಯುವಷ್ಟರಲ್ಲಿ ರಕ್ತ ತೆಗೆದಾಗಿರುತ್ತಿತ್ತು, ಅದಕ್ಕೆ ಆ ಹೆಸರು. ಬೊಂಬಾಯಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಹದಿನೈದು ವರ್ಷ ದುಡಿದು, ಒಂದು ಹಳೆಯ ರಕ್ತ ತಿರುಗಿಸುವ ಯಂತ್ರವನ್ನೂ ‘ಅರೇ ಬಾಬಾ’ ಎಂಬ ಉದ್ಗಾರವನ್ನೂ ಊರಿಗೆ ತಂದಿದ್ದರು. ಕುಂದಾಪುರಕ್ಕೆ ಬಸ್ಸು ಹತ್ತಲಾರದ ಮುದುಕರು, ಬಸುರಿಯರು, ಗೇರುಬೀಜದ ಕಾರ್ಖಾನೆಯ ಹೆಂಗಸರು ಎಲ್ಲರಿಗೂ ಅವರೇ ಗತಿ. ನಮ್ಮ ಸುತ್ತಿನ ನಾಲ್ಕೈದು ಊರುಗಳ ಸಕ್ಕರೆ, ಕೊಬ್ಬು, ಕಾಮಾಲೆಗಳೆಲ್ಲ ಅವರಿಗೆ ಬಾಯಿಪಾಠ. ಆದರೆ ಒಬ್ಬರದ್ದು ಇನ್ನೊಬ್ಬರಿಗೆ ಹೇಳಿದವರಲ್ಲ.

ನಾನು ಸರ್ಕಾರಿ ಕಚೇರಿಯೊಂದರ ಟಪಾಲು ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಸವೆಸಿ, ಪ್ರಥಮ ದರ್ಜೆ ಸಹಾಯಕನಾಗಿ ನಿವೃತ್ತನಾದವನು. ಶಿರಸ್ತೇದಾರನಾಗುವ ಯೋಗ ಸರ್ಕಾರದಿಂದ ಬರಲಿಲ್ಲ, ಸೂಜಿ ಮಾಷ್ಟ್ರಿಂದ ಬಂತು. ನಿವೃತ್ತನಾದ ಮರುವಾರ ರಕ್ತ ಕೊಡಲು ಹೋದಾಗ, “ಬನ್ನಿ ಶಿರಸ್ತೇದಾರ್ರೆ, ಕೂಕಣಿ,” ಎಂದರು. ಆಮೇಲೆ ಊರೆಲ್ಲ ಹಾಗೇ ಕರೆಯಿತು. ನಾನೂ ಆ ಬಡ್ತಿಯನ್ನು ಸವಿನಯ ಸ್ವೀಕರಿಸಿದೆ. ಕಚೇರಿಯಲ್ಲಿ ನನಗೆ ಒಂದು ಕೀರ್ತಿ ಇತ್ತು. ಯಾವ ಅರ್ಜಿ ಬಂದರೂ ನಾನು ಮೊದಲು ನೋಡುತ್ತಿದ್ದುದು ಹೆಸರು. ರೇಷನ್ ಕಾರ್ಡಿನಲ್ಲಿ ಒಂದು, ಅರ್ಜಿಯಲ್ಲಿ ಒಂದು ಇದ್ದರೆ ಅಲ್ಲಿಗೇ ವಾಪಸು. ಹೆಸರು ಸರಿಯಿಲ್ಲದ ಮನುಷ್ಯ ಇದ್ದಾನೆಂದು ಸರ್ಕಾರ ಹೇಗೆ ನಂಬುವುದು... ಎಂಬುದು ನನ್ನ ಸಿದ್ಧಾಂತ. ಎಷ್ಟು ಜನರನ್ನು ಎರಡೆರಡು ಸಲ ಬಸ್ಸು ಹತ್ತಿಸಿದ್ದೇನೋ.

ಮಾಷ್ಟ್ರ ಅಪ್ಪಯ್ಯನನ್ನೂ ನಾನು ಬಲ್ಲೆ. ನಮ್ಮೂರ ಹೊಳೆಗೆ ಸೇತುವೆ ಆಗುವ ಮೊದಲು ಕಡವಿನ ದೋಣಿ ಅವರದ್ದು. ನಾವು ಆಚೆದಡದ ಶಾಲೆಗೆ ಹೋಗುವ ಮಕ್ಕಳು ಅವರ ದೋಣಿಯನ್ನೇ ಕಾಯಬೇಕು. ಒಂದು ದಿನ ಬೆಳಿಗ್ಗೆ, ಬಿಸಿಲು ಬಿದ್ದು ಹೊಳೆ ಹಾಸಿದ ಚಾಪೆಯಂತೆ ಮಲಗಿದ್ದಾಗ, ಅವರು ದೋಣಿಯನ್ನು ಗೂಟಕ್ಕೆ ಕಟ್ಟಿ ದಡದಲ್ಲಿ ಕೂತುಬಿಟ್ಟರು. ನಾವು ಗೋಗರೆದೆವು. ಆ ದಿನ ಪರೀಕ್ಷೆ ಇತ್ತು. ಅವರು ನೀರಿನ ಅಂಚಿನಲ್ಲಿ ತೇಲಿಬರುತ್ತಿದ್ದ ಕೆಂಪು ನೊರೆಯನ್ನೂ ಒಂದೆರಡು ಬಿದಿರೆಲೆಗಳನ್ನೂ ತೋರಿಸಿ, “ಮೇಲ್ ಘಟ್ಟದಗೆ ಮಳಿ ಬಪ್ಪುದೆಲ್ಲ ಬಂದಾಯ್ತ್. ನೀರ್ ಏರಿದ್ ಮೇಲೆ ಹೊಳಿ ದಾಂಟುದ್ ಹ್ಯಾಂಗೆ ಮಕ್ಳೆ?” ಎಂದರು. ನಾವು ಬೈದುಕೊಂಡು ಮನೆಗೆ ಹೋದೆವು. ಮಧ್ಯಾಹ್ನ ಹೊಳೆ ದಡ ಮೀರಿ ಕಡವಿನ ಕಟ್ಟೆಯನ್ನೇ ಹೊತ್ತೊಯ್ದಿತು. ಹಾಗೆಂದು ಅವರು ದೋಣಿ ಕಟ್ಟಿ ಕೂತ ದಿನವೆಲ್ಲ ನೆರೆ ಬಂತೆಂದಲ್ಲ. ಎಷ್ಟೋ ಸಲ ಏನೂ ಆಗಲಿಲ್ಲ, ನಮಗೆ ಒಂದು ದಿನದ ಶಾಲೆ ತಪ್ಪಿತು ಅಷ್ಟೆ. ಆಗಿನ್ನೂ ಸೂಜಿ ಮಾಷ್ಟ್ರು ತೊಟ್ಟಿಲಿನಲ್ಲಿದ್ದರು.

ಕೊರೊನಾದ ಮೊದಲ ವರ್ಷ ಹೇಗೋ ಕಳೆಯಿತು. ಬೊಂಬಾಯಿಯಿಂದ ಬಂದ ಒಂದು ಮನೆಯವರ ದಾರಿಗೆ ನಮ್ಮೂರಿನವರು ಬಿದಿರು ಅಡ್ಡ ಕಟ್ಟಿ, ಅವರ ಬಾವಿಗೆ ಇಣುಕಲೂ ಹೆದರಿ, ಅತ್ಯಂತ ಭಕ್ತಿಯಿಂದ ಮನುಷ್ಯತ್ವವನ್ನು ಹದಿನಾಲ್ಕು ದಿನ ಮುಂದೂಡಿದರು. ಎರಡನೆಯ ವರ್ಷದ ಮೇ ತಿಂಗಳು ಮಾತ್ರ ಹಾಗೆ ಕಳೆಯುವ ಜಾತಿಯದ್ದಾಗಿರಲಿಲ್ಲ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಹೆದ್ದಾರಿಯಲ್ಲಿ ಆಂಬುಲೆನ್ಸುಗಳದ್ದೇ ಸದ್ದು. ನಿನ್ನೆ ಅಂಗಡಿಯಲ್ಲಿ ಬೆಲ್ಲ ಕೊಂಡವನು ನಾಳಿದ್ದು ಇಲ್ಲ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಮಾಷ್ಟ್ರು ನನಗೆ ಪಾಠ ಹೇಳಿದ್ದು. ಅವರು ಲ್ಯಾಬಿನ ಅಂಗಳದಲ್ಲಿ, ನಾನು ಗೇಟಿನಾಚೆ.

“ಶಿರಸ್ತೇದಾರ್ರೆ, ನಿಮ್ ಆಫೀಸಿಗೆ ಬೆಂಕಿ ಬಿತ್ತ್ ಅಂದೇಳಿ ಇಟ್ಕಣಿ. ಒಬ್ಬ ಗುಮಾಸ್ತ ‘ನೀರ್ ತಕಂಡ್ ಬನ್ನಿ’ ಅಂದೇಳಿ ಚೀಟಿ ಬರ್ದ್ ಕಳ್ಸ್ತ. ಒಳ್ಳೇದೇ ಅಲ್ದಾ? ಈಗ ಎಲ್ಲಾ ಗುಮಾಸ್ತ್ರೂ ಎಲ್ಲರಿಗೂ ಚೀಟಿ ಬರಿಯೂಕ್ ಶುರು ಮಾಡ್ರೆ? ನೀರ್ ತಕಂಡ್ ಬಪ್ಪೋರ್ ಯಾರ್?”

“ನಮ್ ಆಫೀಸಲ್ಲಿ ಬೆಂಕಿ ಬಿದ್ರೂ ಚೀಟಿ ಹೊರಡೂದ್ ಮೂರ್ ದಿನ ಬಿಟ್ಟ್,” ಎಂದೆ.

“ಅದ್ಕೇ ನಿಮ್ ಆಫೀಸ್ ಇನ್ನೂ ಸುಟ್ ಹೋಯ್ಲಿಲ್ಲೆ,” ಎಂದರು.

ಆಮೇಲೆ ನಗು ಬಿಟ್ಟು ಹೇಳಿದರು. ವೈರಸ್ಸು ಒಳಗೆ ಹೊಕ್ಕರೆ ದೇಹದ ಜೀವಕೋಶಗಳು ಒಂದಕ್ಕೊಂದು ಸುದ್ದಿ ಕಳಿಸುತ್ತವೆ. ಆ ಸುದ್ದಿ ಒಂದು ಬಗೆಯ ಪ್ರೋಟೀನು, ರಕ್ತದಲ್ಲಿ ಹರಿಯುತ್ತದೆ. ಸೈಟೊಕೈನು ಎನ್ನುತ್ತಾರೆ, ಅದರಲ್ಲೊಂದು ಈ ಇಂಟರ್‌ಲ್ಯೂಕಿನ್-6. ಹದವಾಗಿದ್ದರೆ ಅದೇ ನಮ್ಮನ್ನು ಕಾಯುವುದು. ಕೆಲವರಲ್ಲಿ ಮಾತ್ರ ಐದನೆಯ, ಆರನೆಯ ದಿನಕ್ಕೆ ಈ ಟಪಾಲು ಮಿತಿಮೀರಿ ಏರುತ್ತದೆ. ಕಾಯಲು ಬಂದ ಪಡೆಯೇ ಶ್ವಾಸಕೋಶದ ಮೇಲೆ ಬಿದ್ದು, ಗಾಳಿ ಇರಬೇಕಾದಲ್ಲಿ ನೀರು ಕಟ್ಟುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಮೀಟರಿಗೆ ಅದು ತಿಳಿಯುವುದು ಆಮೇಲೆ. ಮೀಟರಿನಲ್ಲಿ ತೊಂಬತ್ತಾರು, ತೊಂಬತ್ತೇಳು ತೋರಿಸಿಕೊಂಡು, ಗಂಜಿ ಉಂಡು, ಪೇಪರು ಓದುತ್ತ ಕೂತವರ ರಕ್ತದಲ್ಲಿ ಆಗಲೇ ಕೆಂಪು ನೊರೆ ತೇಲಿರುತ್ತದೆ. “ಅಪ್ಪಯ್ಯ ಹೊಳಿ ಕಾಂತಿದ್ರ್, ನಾನ್ ರಕ್ತ ಕಾಂತೆ. ಬಾಕಿ ಎಲ್ಲ ಒಂದೇ,” ಎಂದರು.

ಎಲ್ಲರಲ್ಲೂ ಲೆಕ್ಕ ಸರಿಬರುತ್ತದೆ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಟಪಾಲು ಏರಿದ್ದ ಇಬ್ಬರು ಮನೆಯಲ್ಲೇ ಗುಣವಾದದ್ದನ್ನೂ, ಏರದಿದ್ದ ಒಬ್ಬರು ವೆಂಟಿಲೇಟರಿಗೆ ಹೋದದ್ದನ್ನೂ ಅವರೇ ನನಗೆ ಹೇಳಿದ್ದು.

ಆ ಪರೀಕ್ಷೆಯ ಯಂತ್ರ ನಮ್ಮ ಕಡೆ ಇರಲಿಲ್ಲ, ಮಂಗಳೂರಿಗೇ ಕಳಿಸಬೇಕು. ರಕ್ತ ತಿರುಗಿಸಿ, ಮೇಲಿನ ತಿಳಿಯನ್ನು ಸಣ್ಣ ನಳಿಕೆಗೆ ತುಂಬಿ, ತಂಪು ಆರದಂತೆ ಸಾಗಿಸಬೇಕು. ಬೇರೆ ಕಾಲದಲ್ಲಾದರೆ ನಮ್ಮ ಊರಿನವರು ಮಾಡುವುದನ್ನೇ ಮಾಡಬಹುದಿತ್ತು, ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ ಕೈಗೆ ಪೊಟ್ಟಣ ಕೊಟ್ಟು ಅಲ್ಲಿಗೆ ಫೋನು ಮಾಡುವುದು. ಮದುವೆ ಸೀರೆಯಿಂದ ಕೋರ್ಟಿನ ಕಾಗದದವರೆಗೆ ಎಲ್ಲವೂ ನಮ್ಮಲ್ಲಿ ಹಾಗೇ ಹೋಗುತ್ತದೆ. ಆದರೆ ಬಸ್ಸುಗಳು ನಿಂತಿದ್ದವು. ಓಡುತ್ತಿದ್ದದ್ದು ಮೀನಿನ ಗಾಡಿಗಳು. ಜನರಿಗೆ ನಿರ್ಬಂಧ ಇತ್ತು, ಬಂಗುಡೆಗೆ ಇರಲಿಲ್ಲ. ಗಂಗೊಳ್ಳಿ ಬಂದರಿನಿಂದ ಮಂಗಳೂರಿಗೆ ಹೋಗುವ ಒಂದು ಗಾಡಿಯವನನ್ನು ಮಾಷ್ಟ್ರು ಹಿಡಿದರು. ಮೀನಿಗೆ ಹಾಕಿದ ಐಸಿನ ನಡುವೆ ಅವರ ಥರ್ಮಾಕೋಲ್ ಪೆಟ್ಟಿಗೆ. ದೇಹದ ಅತಿ ಜರೂರು ಟಪಾಲು ಬಂಗುಡೆಯ ಬೆಂಗಾವಲಿನಲ್ಲಿ ಹೊರಡುವ ಆ ಘನಗಂಭೀರ ದೃಶ್ಯವನ್ನು ನಾನು ಹೆದ್ದಾರಿಯ ಬದಿಯಲ್ಲಿ ನಿಂತು ಎಷ್ಟೋ ಬೆಳಿಗ್ಗೆ ನೋಡಿದ್ದೇನೆ.

“ಹ್ವಾಯ್ ಮಾಷ್ಟ್ರೆ, ಇದ್ರಗೆ ಕೊರೊನಾ ಇಲ್ಲೆ ಅಲ್ದಾ?” ಎಂದು ಗಾಡಿಯವನು ದಿನಾ ಕೇಳುತ್ತಿದ್ದ.

“ಇದ್ರಗೆ ಬರೀ ಟಪಾಲು ಮಾರಾಯ. ಬಾಯಿ ಮುಚ್ಕಂಡ್ ಹೋಯ್ಕ್.”

“ಕಾಣಿ, ನಿಮ್ಗೇ ಬಂತ್ ಅಂದೇಳಿ ಯಾರಾರೂ ಹೇಳ್ರೆ ಆವತ್ತಿಗೇ ನಿಮ್ ಪೆಟ್ಟಿಗಿ ಬಂದ್. ನನ್ ಮೀನ್ ಒಬ್ರೂ ಮುಟ್ಟುದಿಲ್ಲೆ ಮತ್ತೆ.”

ಪೆಟ್ಟಿಗೆ ಸಂಜೆ ವಾಪಸು ಬರುತ್ತಿತ್ತು. ತೊಳೆದಷ್ಟೂ ವಾಸನೆ ಹೋಗದೆ, ಮಾಷ್ಟ್ರು ಅದನ್ನು ಸ್ಪಿರಿಟ್ಟಿನಿಂದ ಒರೆಸುತ್ತಿದ್ದರು. ಆಗ ಏಳುತ್ತಿದ್ದ ವಾಸನೆಯೇ ಕಳೆದ ವಾರ ನನ್ನನ್ನು ಎಬ್ಬಿಸಿದ್ದು...

ಇನ್ನು ನನ್ನ ಪಾಲಿನ ಕಥೆ. ಪಂಚಾಯತಿಯಲ್ಲಿ ಒಂದು ಕಾರ್ಯಪಡೆ ಆಯಿತು. ಯಾರಿಗೆ ವಾಹನ ಕಳಿಸಬೇಕು, ಯಾರ ಹೆಸರನ್ನು ಆಸ್ಪತ್ರೆಯ ಹಾಸಿಗೆಗೆ ಬರೆಯಬೇಕು ಎಂದು ನೋಡಿಕೊಳ್ಳಲು ಓದುಬರಹ ಬಲ್ಲ, ಕೆಲಸವಿಲ್ಲದ, ನಿಷ್ಪಕ್ಷಪಾತಿ ಒಬ್ಬರು ಬೇಕಿತ್ತು. ಈ ಮೂರೂ ಗುಣಗಳು ನನ್ನಲ್ಲಿ ಧಾರಾಳವಾಗಿದ್ದವು. ಕಿಟಕಿಯ ಬಳಿ ಮೇಜು ಹಾಕಿಕೊಂಡು ಕೂತೆ. ಒಂದು ಆಕ್ಸಿಜನ್ ಮೀಟರು, ಒಂದು ಫೋನು, ಕಾಗದ ಚುಚ್ಚಿಡುವ ಕಬ್ಬಿಣದ ಮೊಳೆ. ನಿವೃತ್ತಿಯಾಗಿ ಹತ್ತು ವರ್ಷದ ಮೇಲೆ ಮತ್ತೆ ಕುರ್ಚಿ ಸಿಕ್ಕಿತ್ತು. ಸುಳ್ಳು ಹೇಳುವುದಿಲ್ಲ, ಆ ಸಾವಿನ ದಿನಗಳಲ್ಲೂ ನನಗೆ ಬೆಳಿಗ್ಗೆ ಅಂಗಿ ಇಸ್ತ್ರಿ ಮಾಡುವ ಉಮೇದು ಬಂದಿತ್ತು.

ಮೇಲಿನಿಂದ ಒಂದು ಸೂಚನೆ ಬಂತು. ಆಮ್ಲಜನಕ ತೊಂಬತ್ನಾಲ್ಕಕ್ಕಿಂತ ಕೆಳಗಿಳಿದವರಿಗೆ ಮಾತ್ರ ವಾಹನ, ಹಾಸಿಗೆ. ಅದರ ಮುಂದೆ ಇನ್ನೊಂದು ಸಾಲಿತ್ತು: ಅಥವಾ ವೈದ್ಯರು ಅಗತ್ಯವೆಂದು ಹೇಳಿದವರಿಗೆ. ನನ್ನ ಕೈಬರಹ ಚೆನ್ನಾಗಿದೆ ಎಂದು ಪಂಚಾಯತಿ ಗೋಡೆಯ ಮೇಲೆ ಆ ಸೂಚನೆಯನ್ನು ಬರೆಯಲು ನನಗೇ ಹೇಳಿದರು. ಬಣ್ಣ, ಕುಂಚ ಹಿಡಿದು ನಿಂತೆ. ಮೊದಲ ಸಾಲನ್ನು ಎಷ್ಟು ದೊಡ್ಡದಾಗಿ, ಎಷ್ಟು ದುಂಡಾಗಿ ಬರೆದೆನೆಂದರೆ, ಎರಡನೆಯ ಸಾಲಿಗೆ ಗೋಡೆಯಲ್ಲಿ ಜಾಗವೇ ಉಳಿಯಲಿಲ್ಲ. ಕೆಳಗೆ ಸಣ್ಣದಾಗಿ ಬರೆದರೆ ಅಂದಗೆಡುತ್ತದೆಂದು ಬಿಟ್ಟೆ. ನೋಡಿದವರೆಲ್ಲ ಹೊಗಳಿದರು. ನಾಲ್ಕು ದಿನದಲ್ಲಿ ಆ ಎರಡನೆಯ ಸಾಲು ಇತ್ತೆಂಬುದನ್ನು ನಾನೂ ಮರೆತೆ. ಗೋಡೆಯ ಮೇಲಿಲ್ಲದ್ದು ನಿಯಮದಲ್ಲಿ ಇರುವುದು ಹೇಗೆ?

ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ಸೂಜಿ ಮಾಷ್ಟ್ರು ಬಂದರು. ಕಿಟಕಿಯಿಂದ ಒಂದು ಮಾರು ದೂರದಲ್ಲಿ, ಬಿಸಿಲಿನಲ್ಲೇ ನಿಂತರು. ಮುಖಕ್ಕೆ ಎರಡು ಮಾಸ್ಕು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಅಂತರ ಕಾಯ್ದುಕೊಳ್ಳುವುದರಲ್ಲಿ ಇವರಂಥ ಶಿಸ್ತಿನವರು ಬೇರೆ ಇಲ್ಲ ಎಂದು ಮನಸ್ಸಿನಲ್ಲೇ ಮೆಚ್ಚಿದೆ. ಲ್ಯಾಬಿಗೆ ಹಿಂದಿನ ದಿನದಿಂದ ಬೀಗ ಬಿದ್ದಿತ್ತು, ಬಾಗಿಲಲ್ಲಿ ‘ಯಂತ್ರ ರಿಪೇರಿ’ ಎಂದು ಚೀಟಿ ಅಂಟಿಸಿದ್ದರು. ಅದನ್ನೂ ನಂಬಿದ್ದೆ. ಒಂದು ಕೋಲಿನ ತುದಿಗೆ ಕಾಗದ ಸಿಕ್ಕಿಸಿ ಕಿಟಕಿಯೊಳಗೆ ಚಾಚಿದರು. ನಾನು ನಕ್ಕೆ.

“ಶಿರಸ್ತೇದಾರ್ರೆ, ಒಬ್ರ್ ಪೇಷಂಟ್ ಇದ್ದ್ರ್. ಐವತ್ತಾರ್ ವರ್ಷ. ಇವತ್ತಿಗ್ ಐದ್ ದಿನ ಆಯ್ತ್. ಟಪಾಲು ರಾಶಿ ಏರಿತ್ತ್. ಒಂದ್ ಹಾಸ್ಗಿಗೆ ಬರೀನಿ ಕಾಂಬ.”

“ಆಕ್ಸಿಜನ್ ಎಷ್ಟಿತ್ತ್?”

“ತೊಂಬತ್ತಾರ್.”

ನಾನು ಕಾಗದ ನೋಡಲಿಲ್ಲ. ಗೋಡೆಯ ಕಡೆ ಬೆರಳು ತೋರಿಸಿದೆ. “ತೊಂಬತ್ನಾಲ್ಕಕ್ಕಿಂತ ಕೆಳ್ಗ್ ಇಳಿಲಿ. ಇಳಿದ್ ಕೂಡ್ಲೆ ಗಾಡಿ ಕಳ್ಸ್ತೆ.”

ಅವರು ಗೋಡೆಯ ಕಡೆ ನೋಡಿದರು. “ಇಳಿದ್ ಮೇಲೆ ಹೊಳಿ ದಾಂಟುದ್ ಹ್ಯಾಂಗೆ?” ಎಂದರು.

ಐವತ್ತೈದು ವರ್ಷ ಹಿಂದೆ ಕಡವಿನಲ್ಲಿ ಕೇಳಿದ ಮಾತು. ನನ್ನ ಕಿವಿಗೆ ಅದು ಬಿತ್ತು, ತಲೆಗೆ ಹೋಗಲಿಲ್ಲ. “ಟಪಾಲು ಕಂಡ್ ಹಾಸ್ಗಿ ಕೊಡುಕೆ ಆದೇಶ ಇಲ್ಲೆ ಮಾಷ್ಟ್ರೆ,” ಎಂದೆ. ಹೇಳಿದ ರೀತಿಯಲ್ಲಿ ಒಂದು ಗತ್ತು ಇತ್ತು, ನನಗೆ ಈಗಲೂ ಕೇಳುತ್ತದೆ. ಹಿಂದೆ ಇಬ್ಬರು ಕಾಯುತ್ತಿದ್ದರು. ಅವರೂ ಕೇಳಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

“ಆಯ್ಲಿ. ಹೇಳ್ತೆ ಅವ್ರಿಗೆ,” ಎಂದರು. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು. ನಕ್ಕರೆಂದೇ ನನ್ನ ಭಾವನೆ. ನಾನು ಕಾಗದವನ್ನು ಮೊಳೆಗೆ ಚುಚ್ಚಿ ಮುಂದಿನವರನ್ನು ಕರೆದೆ.

ಮೂರನೆಯ ದಿನ ಬೆಳಿಗ್ಗೆ ಮಾಷ್ಟ್ರ ಮನೆಯಿಂದಲೇ ಫೋನು ಬಂತು. ಅವರ ಆಕ್ಸಿಜನ್ ಎಪ್ಪತ್ತೆಂಟು. ನಾನು ಅತ್ಯಂತ ತ್ವರಿತವಾಗಿ ಗಾಡಿ ಕಳಿಸಿದೆ. ನಿಯಮಕ್ಕೆ ಈಗ ಯಾವ ಅಡ್ಡಿಯೂ ಇರಲಿಲ್ಲವಲ್ಲ. ಒಂದು ಆಸ್ಪತ್ರೆಯಲ್ಲಿ ಜಾಗವಿಲ್ಲ, ಇನ್ನೊಂದರಲ್ಲಿ ಆಕ್ಸಿಜನ್ ಇಲ್ಲ. ಹೆದ್ದಾರಿಯಲ್ಲಿ ಕೋಟ, ಸಾಲಿಗ್ರಾಮ, ಬ್ರಹ್ಮಾವರ ದಾಟಿಕೊಂಡು ಹೋಗಿ, ಮೂರನೆಯ ಕಡೆ ಹಾಸಿಗೆ ಸಿಗುವಾಗ ಮಧ್ಯಾಹ್ನ. ಎರಡು ದಿನ ಇದ್ದರು. ಅಷ್ಟೆ...

ಆಗಲೂ ನನಗೆ ಗೊತ್ತಾಗಲಿಲ್ಲ. ಊರಿಗೆ ಊರೇ ಮರುಗಿತು, ನಾನೂ ಮರುಗಿದೆ. ‘ಸೂಜಿ ಹಿಡಿದ ಕೈಗೇ ಸೂಜಿ ಚುಚ್ಚಿತಲ್ಲ’ ಎಂದು ನಾಲ್ಕು ಜನರ ಎದುರು ಒಂದು ಮಾತನ್ನೂ ಆಡಿದೆ, ಮೆಚ್ಚುಗೆಯೂ ಬಂತು. ವಾರ ಕಳೆದು ಮೊಳೆಯಲ್ಲಿ ಕಾಗದ ತುಂಬಿತೆಂದು ಒಂದೊಂದೇ ಬಿಚ್ಚಿ ಜೋಡಿಸುತ್ತಿದ್ದೆ. ನಡುವೆ ಆ ಚೀಟಿ ಸಿಕ್ಕಿತು. ಮಂಗಳೂರಿನ ಲ್ಯಾಬಿನ ಮುದ್ರೆ. ಇಂಟರ್‌ಲ್ಯೂಕಿನ್-6ರ ಎದುರು ಒಂದು ದೊಡ್ಡ ಸಂಖ್ಯೆ, ಅದರ ಅಡಿಗೆ ಮಾಷ್ಟ್ರ ಕೆಂಪು ಪೆನ್ನಿನ ಎರಡು ಗೆರೆ. ವಯಸ್ಸು ಐವತ್ತಾರು. ಹೆಸರಿನ ಜಾಗದಲ್ಲಿ ಇದ್ದದ್ದು ನಮ್ಮನ್ನು ಹೊಳೆ ದಾಟಿಸುತ್ತಿದ್ದವರ ಹೆಸರು, ಮನೆತನದ ಹೆಸರು ಸಮೇತ.

ಅವರು ತೀರಿಕೊಂಡು ಮೂವತ್ತು ವರ್ಷ ದಾಟಿತ್ತು. ನಾನೇ ಹೆಗಲು ಕೊಟ್ಟಿದ್ದೆ.

ತನ್ನ ಹೆಸರು ಹಾಕಿ ಪೆಟ್ಟಿಗೆ ಕಳಿಸಿದರೆ ಯಾರ ಕಣ್ಣಿಗಾದರೂ ಬಿದ್ದು, ಗಾಡಿಯವನ ಕಿವಿಗೆ ಮುಟ್ಟಿ, ಮಾರನೆಯ ದಿನದಿಂದ ನಾಲ್ಕೈದು ಊರಿನ ಟಪಾಲು ನಿಲ್ಲುತ್ತಿತ್ತು. ಅವರು ಬೀಗ ಹಾಕುವ ಹೊತ್ತಿಗೆ ಎಂಟು ಜನರ ರಕ್ತ ಇನ್ನೂ ಹೋಗಬೇಕಿತ್ತಂತೆ. ಅದಕ್ಕೆಂದೇ ಅಪ್ಪಯ್ಯನ ಹೆಸರಿನಲ್ಲಿ ತನ್ನ ರಕ್ತ ಕಳಿಸಿದರು. ಕಿಟಕಿಗೆ ಬಂದಾಗಲೂ ಹಿಂದೆ ಜನ ಇದ್ದರು, ಬಾಯಿಬಿಟ್ಟು ಹೇಳುವಂತಿರಲಿಲ್ಲ. ಆದರೆ ಆ ಹೆಸರು ಓದಿದರೆ ಊರಿನಲ್ಲಿ ಒಬ್ಬನಿಗಾದರೂ ತಿಳಿಯುತ್ತದೆ, ಅವನು ಹೆಸರು ಓದದೆ ಯಾವ ಕಾಗದವನ್ನೂ ಮುಟ್ಟುವವನಲ್ಲ, ಎಂದು ಅವರು ನಂಬಿ ಬಂದಿದ್ದರು. ನಂಬದೆ ಏನು ಮಾಡಿಯಾರು? ಮೂವತ್ತನಾಲ್ಕು ವರ್ಷ ನಾನು ಸಂಪಾದಿಸಿದ್ದೇ ಆ ಒಂದು ಕೀರ್ತಿ. ಒಂದು ಅಕ್ಷರ ತಪ್ಪಿದ್ದಕ್ಕೆ ವಿಧವೆಯರನ್ನು ವಾಪಸು ಕಳಿಸಿದವನು, ಪೂರ್ತಿ ಹೆಸರೇ ಬೇರೆ ಇದ್ದ ಕಾಗದವನ್ನು ನೋಡದೆ ಚುಚ್ಚಿಟ್ಟೆ.

ಅವರ ಹೆಂಡತಿಯನ್ನು ನೋಡಲು ಹೋದೆ. ಬೈಯಲಿ ಎಂದೇ ಹೋದದ್ದು. ಅವರು ಬೈಯಲಿಲ್ಲ. ಕುರ್ಚಿ ತಂದು ಅಂಗಳದಲ್ಲಿಟ್ಟರು.

“ನಿಮ್ ಹತ್ರ ಹೋಯ್ ಬಂದೆ ಅಂದ್ರ್. ಎಂತ ಹೇಳ್ರ್ ಅಂದೇಳಿ ಕೇಂಡೆ. ‘ಶಿರಸ್ತೇದಾರ್ರ್ ಗೋಡಿ ತೋರ್ಸ್ರ್’ ಅಂದ್ರ್. ನೆಗ್ಯಾಡ್ರ್. ಮತ್ತೊಂದ್ಸಲಿ ಹೋಯ್ ಬನ್ನಿ ಅಂದೆ. ‘ಅವ್ರಿಗೆ ಕೆಲ್ಸ ರಾಶಿ ಇತ್ತ್, ಪಾಪ’ ಅಂದ್ರ್,” ಎಂದರು.

ಆ ‘ಪಾಪ’ವನ್ನು ನಾನು ಎಲ್ಲಿಡಲಿ?

ಆರೋಗ್ಯ ಕೇಂದ್ರದ ವೈದ್ಯರನ್ನೂ ಕೇಳಿದೆ. ಯುವಕ, ಆ ತಿಂಗಳು ನಿದ್ದೆಯೇ ಕಾಣದವನು. “ಐದನೇ ದಿನವೇ ಸೇರಿಸಿದ್ದರೆ ಉಳೀತಿದ್ರು ಅಂತ ಯಾರೂ ಹೇಳೋಕಾಗಲ್ಲ ಸರ್,” ಎಂದ. ನನಗೆ ಸಮಾಧಾನವಾಗಲಿ ಎಂದೇ ಹೇಳಿದ. ಆಮೇಲೆ, “ಆದ್ರೆ ಆ ರಿಪೋರ್ಟು ನೋಡಿದ್ರೆ ನಾನು ಖಂಡಿತ ಬರೆದುಕೊಡ್ತಿದ್ದೆ. ನನಗೊಂದು ಫೋನು ಮಾಡಬಹುದಿತ್ತಲ್ಲ. ಆದೇಶದಲ್ಲಿ ಅದೂ ಇತ್ತಲ್ಲ?” ಎಂದ. ಇತ್ತು. ಗೋಡೆಯಲ್ಲಿ ಜಾಗ ಇರಲಿಲ್ಲ.

‘ಯಾರಿಗೂ ಹೇಳಲಾಗುವುದಿಲ್ಲ’ ಎಂಬ ಮಾತನ್ನು ಹಿಡಿದು ಎಷ್ಟು ಜನ ನನ್ನನ್ನು ಸಮಾಧಾನ ಮಾಡಿದ್ದಾರೆ. ಆ ಸಮಾಧಾನ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಕಡವಿನವರಿಗೂ ಖಂಡಿತ ಗೊತ್ತಿರಲಿಲ್ಲ, ಆದರೂ ನೊರೆ ಕಂಡ ದಿನ ದೋಣಿ ಕಟ್ಟಿದರು. ಅವರ ಊಹೆ ಸುಳ್ಳಾದ ದಿನ ನಮಗೆ ಒಂದು ದಿನದ ಶಾಲೆ ತಪ್ಪಿತು. ಮಾಷ್ಟ್ರ ಊಹೆ ಸುಳ್ಳಾಗಿದ್ದರೆ ಒಂದು ಹಾಸಿಗೆಯ ಮೇಲೆ ಒಬ್ಬ ಮನುಷ್ಯ ನಾಲ್ಕು ದಿನ ಸುಮ್ಮನೆ ಮಲಗಿರುತ್ತಿದ್ದ. ಹಾಸಿಗೆ ಇರಲಿಲ್ಲ ಎಂದು ಯಾರಾದರೂ ಹೇಳಬಹುದು. ಆ ದಿನ, ಆ ಹನ್ನೊಂದು ಗಂಟೆಗೆ, ಎರಡು ಖಾಲಿ ಇದ್ದವು. ನನ್ನ ಮೇಜಿನ ಮೇಲೇ ಬರೆದಿತ್ತು. ಸಂಜೆಯವರೆಗೆ ತೊಂಬತ್ನಾಲ್ಕಕ್ಕಿಂತ ಕೆಳಗಿಳಿದವರು ಯಾರೂ ಬಾರದೆ ಎರಡೂ ಬೇರೆ ಕಡೆಗೆ ಹೋದವು.

ಆ ವರ್ಷದ ಕೊನೆಗೆ ಪಂಚಾಯತಿಯವರು ನನಗೆ ಸನ್ಮಾನ ಮಾಡಿದರು. ಶಾಲು, ಹಾರ, ಒಂದು ಫಲಕ. ‘ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಿ ಸೇವೆ ಸಲ್ಲಿಸಿದ್ದಕ್ಕಾಗಿ’ ಎಂದು ಅಚ್ಚು ಹಾಕಿಸಿದ್ದರು. ನನ್ನ ಹೆಸರಿನಲ್ಲಿ ಒಂದೂ ತಪ್ಪಿರಲಿಲ್ಲ. ಬೇಡ ಎನ್ನುವ ಧೈರ್ಯ ನನಗೆ ಬರಲಿಲ್ಲ, ತಲೆ ತಗ್ಗಿಸಿ ಹಾರ ಹಾಕಿಸಿಕೊಂಡೆ. ಜನ ಅದನ್ನು ವಿನಯ ಎಂದುಕೊಂಡರು. ಸೂಜಿ ಮಾಷ್ಟ್ರಿಗೆ ಅಲ್ಲಿ ಒಂದು ನಿಮಿಷ ಮೌನ ಆಚರಿಸಿದರು. ಅರ್ಧ ನಿಮಿಷಕ್ಕೇ ಯಾರದೋ ಫೋನು ಹಾಡಿತು. ಗೋಡೆಗೆ ಆಮೇಲೆ ಎರಡು ಸಲ ಸುಣ್ಣ ಹೊಡೆದಿದ್ದಾರೆ. ಮಳೆಗಾಲದಲ್ಲಿ ಗೋಡೆ ಒದ್ದೆಯಾದಾಗ ನನ್ನ ದುಂಡನೆಯ ತೊಂಬತ್ನಾಲ್ಕು ಈಗಲೂ ಮೇಲೆ ಬರುತ್ತದೆ. ಒಳ್ಳೆಯ ಬಣ್ಣವನ್ನೇ ಬಳಸಿದ್ದೆ.

ಹೊಸ ಲ್ಯಾಬಿನಲ್ಲಿ ಆ ದಿನ ಮತ್ತೆ ಕೂತೆ, ರಕ್ತ ಕೊಟ್ಟು ಬಿಸ್ಕತ್ತು ತಿಂದೆ. ಮಾರನೆಯ ದಿನ ರಿಪೋರ್ಟಿಗೆ ಹೋದೆ. ಹುಡುಗಿ ಲಕೋಟೆಯಿಂದ ಕಾಗದ ಎಳೆದು ಕಣ್ಣಾಡಿಸಿ, “ಎಲ್ಲ ನಾರ್ಮಲ್ ಅಜ್ಜ, ಎಂತ ತೊಂದ್ರೆ ಇಲ್ಲೆ,” ಎಂದು ಚಾಚಿದಳು.

ನಾನು ಕೈ ನೀಡಲಿಲ್ಲ. “ಮೊದ್ಲ್ ಹೆಸ್ರ್ ಓದ್ ಮಗಾ,” ಎಂದೆ.

“ನಿಮ್ದೇ ಅಜ್ಜ.”

“ಆಯ್ಲಿ. ಆದ್ರೂ ಓದ್.”

ಅವಳಿಗೆ ನನ್ನ ತಲೆಸುತ್ತು ಇನ್ನೂ ಇಳಿದಿಲ್ಲ ಎನಿಸಿರಬೇಕು. ಪಾಪ, ನಿಧಾನವಾಗಿ, ಅಕ್ಷರ ಅಕ್ಷರ ಬಿಡಿಸಿ ಓದಿದಳು, ಓದಿ ತಲೆಯೆತ್ತಿ ನನ್ನ ಮುಖ ನೋಡಿದಳು.

“ಹೌದು, ನಾನೇ,” ಎಂದೆ.

ಇಷ್ಟೇ. ಆ ದಿನ ಬಿಸಿಲಿನಲ್ಲಿ ನಿಂತವರು ಕಾಯುತ್ತಿದ್ದದ್ದು ಇಷ್ಟನ್ನು ಹೇಳಲು. ನಾನು ಹೆಸರು ಓದಿ ತಲೆಯೆತ್ತಬೇಕಿತ್ತು.